ಮೀಟರ್ ಓದುವವಳು

ಓದುವುದೇ ನನ್ನ ಕಸುಬು.
ಹನುಮಂತನಗರದ ಏರಿನಿಂದ ಗವಿಪುರದ ಇಳಿಜಾರಿನವರೆಗೆ
ದಿನಕ್ಕೆ ಇನ್ನೂರು ಮನೆ,
ಮನೆಗೊಂದು ಸಂಖ್ಯೆ, ಸಂಖ್ಯೆಗೊಂದು ಚೀಟಿ.
ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಹಿಂದೆ,
ಜೇಡರ ಬಲೆ ಸರಿಸಿ ಬಗ್ಗಿದರೆ
ಕೆಂಪು ಕಣ್ಣು ಮಿಟುಕಿಸುತ್ತ ಕೂತಿರುತ್ತದೆ ಮೀಟರು.

ದಪ್ಪ ಪುಸ್ತಕ ನನಗಾಗದು.
ಒಮ್ಮೆ ಲೈಬ್ರರಿಯಿಂದ ತಂದಿದ್ದೆ:
ಪಾಳು ಬಂಗಲೆ, ಬಿಳಿ ಸೀರೆ, ಗೆಜ್ಜೆ, ಬಾವಿ.
ನೂರೆಂಬತ್ತನೇ ಪುಟಕ್ಕೆ ಮಂತ್ರವಾದಿಯೊಬ್ಬ ಬಂದು
ಯಾಕೆ ಸತ್ತಳು, ಯಾರು ಕೊಂದರು,
ಎಲ್ಲ ಬಿಡಿಸಿ ಹೇಳಿದ, ಸೀತಾಫಲ ಬಿಡಿಸಿದ ಹಾಗೆ.
ಗಂಟಲಿಗೆ ಸಿಕ್ಕಲು ಒಂದು ಬೀಜವೂ ಉಳಿಯಲಿಲ್ಲ.
ಆ ರಾತ್ರಿ ಗಡದ್ದಾಗಿ ನಿದ್ದೆ ಬಂತು.
ಮಾರನೇ ದಿನ ವಾಪಸ್ ಕೊಟ್ಟೆ.

ಜಯಶೀಲಿ ಬೇರೆ.
ಸಬ್‌ಡಿವಿಜನ್ ಕೌಂಟರಿನಲ್ಲಿ ಕೂತು
ಮುಗಿಯಲು ಬಂದ ಬಿಲ್ ರೋಲಿನ ಬಾಲ ಹರಿದು
ಉಗುರಿನಲ್ಲಿ ಬರೆಯುತ್ತಾಳೆ.
ಆ ಕಾಗದವೇ ಹಾಗೆ, ಗೀರಿದಲ್ಲೆಲ್ಲ ಕಪ್ಪು.
ಅಂಚಿಗೆ ಕೆಂಪು ಗೆರೆ ಬರುವುದರೊಳಗೆ
ಕತೆ ಮುಗಿದಿರಬೇಕು.

ಒಂದು ಹೀಗಿತ್ತು:
"ರೇಷನ್ ಅಂಗಡಿಯಲ್ಲಿ ಅಜ್ಜಿಯ ಹೆಬ್ಬೆಟ್ಟು
ಒಂದು ತಿಂಗಳೂ ತಪ್ಪದೆ ಹೊಂದುತ್ತದೆ.
ಅವಳ ವರ್ಷದ ತಿಥಿಗೂ ಅದೇ ಅಕ್ಕಿ."

ಇನ್ನೊಂದು:
"ಕಂಡಕ್ಟರ್ ಎರಡು ಟಿಕೆಟ್ ಹರಿದ. ಒಬ್ಬಳೇ ಅಂದೆ.
ನನ್ನ ಮಡಿಲ ಕಡೆ ನೋಡಿ,
ಹೌದಲ್ಲ, ಇಷ್ಟು ಚಿಕ್ಕದಕ್ಕೆ ಬೇಡ, ಅಂದ."

ಅಷ್ಟೆ. ಕೆಳಗೆ ಖಾಲಿ.
"ಆಮೇಲೆ?" ಅಂತ ಕೇಳುತ್ತಿದ್ದೆ ಮೊದಮೊದಲು.
ಅವಳು ನನ್ನ ಭುಜದಾಚೆ ನೋಡಿ ಕೂಗುವಳು:
"ಟೋಕನ್ ನಲವತ್ತೊಂದು."

ಆಮೇಲಿನದು ನನ್ನ ಮನೆಯಲ್ಲಿ ನಡೆಯಿತು.
ಅಕ್ಕಿ ತೊಳೆದೆ, ಬಸಿದೆ, ತೊಳೆದೆ,
ನೀರು ತಿಳಿಯಾಗಲೇ ಇಲ್ಲ.
ಮಾರ್ಕೆಟ್ ಬಸ್ಸಿನಲ್ಲಿ ಸೀಟು ಸಿಕ್ಕಿದರೂ
ಬ್ಯಾಗನ್ನು ಮಡಿಲಿಗಿಡಲು ಕೈ ಬರಲಿಲ್ಲ,
ಅಲ್ಲಿ ಜಾಗ ಇದೆಯೋ ಇಲ್ಲವೋ ಅಂತ.

ಚಪ್ಪಲಿಯೊಳಗಿನ ಕಲ್ಲು ಇದು,
ಚಿಕ್ಕದಾದಷ್ಟೂ ಕೈಗೆ ಸಿಗುವುದಿಲ್ಲ.

ಆದರೂ ಬೇಕು ನನಗೆ. ಯಾಕೆ ಅಂದರೆ,
ಯೂನಿಟ್ಟಿಗೆ ಇಷ್ಟು, ಬಾಕಿಗೆ ಇಷ್ಟು, ದಂಡ ಇಷ್ಟು,
ಬಾಗಿಲು ಬಾಗಿಲಿಗೂ ಲೆಕ್ಕ ಒಪ್ಪಿಸುವವಳು ನಾನು,
ಬೈಸಿಕೊಳ್ಳುವವಳೂ ನಾನೇ.
ಲೆಕ್ಕಕ್ಕೆ ಸಿಗದ್ದೊಂದು ಜೇಬಿನಲ್ಲಿದ್ದರೆ
ಮಧ್ಯಾಹ್ನದ ಬಿಸಿಲಿನಲ್ಲೂ
ಬೆನ್ನು ತಣ್ಣಗಿರುತ್ತದೆ.

ಎರಡು ತಿಂಗಳಿಗೆ ಅಕ್ಷರ ಮಾಸಿ
ಚೀಟಿ ಮತ್ತೆ ಬೆಳ್ಳಗಾಗುತ್ತದೆ.
"ಅಷ್ಟೇನೂ ಇರಲಿಲ್ಲ ಬಿಡು" ಅನ್ನೋಣವೆಂದರೆ
ಸಾಕ್ಷಿಗೆ ಕಾಗದವಿಲ್ಲ.
ಒಳಗಿರುವುದು ಮಾತ್ರ ಇನ್ನಷ್ಟು ಕಪ್ಪಗೆ.

ನನ್ನದೂ ಒಂದಿದೆ ಈಗ.
ಬಂಡೆ ಪಕ್ಕದ ಓಣಿ, ನೀಲಿ ಬಾಗಿಲು, ಹೊರಗೆ ತುಕ್ಕು ಬೀಗ.
ಆರು ತಿಂಗಳಿಂದ ಎರಡೆರಡೇ ಯೂನಿಟ್.
ಫ್ರಿಡ್ಜ್ ಇರಬಹುದು, ಬಲ್ಬ್ ಮರೆತಿರಬಹುದು,
ಅಂತ ಬರೆದೆ.
ಎದುರು ಮನೆಯ ಇಸ್ತ್ರಿಯವನು ಹೇಳಿದ್ದನ್ನೂ ಸೇರಿಸಿದೆ.
ಜಯಶೀಲಿ ಓದಿ, "ಉದ್ದ," ಅಂದಳು.
ಫ್ರಿಡ್ಜ್ ತೆಗೆದೆ. ಬಲ್ಬ್ ತೆಗೆದೆ.
ಇಸ್ತ್ರಿಯವನನ್ನು ಅವನ ಮಾತಿನ ಸಮೇತ ತೆಗೆದೆ.
ನೀಲಿ ಬಣ್ಣ ಬಿಡಲು ಸಂಕಟವಾಯಿತು, ಅದನ್ನೂ ಬಿಟ್ಟೆ.
ಉಳಿದದ್ದು ಇಷ್ಟು:

ಹೋದ ತಿಂಗಳು, ನಾಲ್ಕು ಸಾವಿರದ ಹನ್ನೆರಡು.
ಈ ತಿಂಗಳು, ನಾಲ್ಕು ಸಾವಿರದ ಹತ್ತು.

ಮೆಷಿನ್ ಇಂಥದ್ದನ್ನು ಒಪ್ಪುವುದಿಲ್ಲ,
ಮತ್ತೆ ಓದಿ, ಅನ್ನುತ್ತದೆ.
ಬಗ್ಗಿ ಮತ್ತೆ ಓದಿದೆ.
ನಾನು ನೋಡುತ್ತಿದ್ದ ಹಾಗೇ
ಹತ್ತು ಇದ್ದದ್ದು
ಒಂಬತ್ತಾಯಿತು.